ಆರು ತಿರುವು, ಐದು ಕೆಮ್ಮು

ಮೊನ್ನೆ ಗ್ರಂಥಾಲಯದ ಬಾಗಿಲಲ್ಲಿ ನಿಂತು ನಾನು ಒಂದು ಸಲ ಕೆಮ್ಮಿದೆ. ಒಳಗೆ ಕುಳಿತಿದ್ದವರು ಎದ್ದು ಬಂದು, ಒಂದು ಮಾತೂ ಆಡದೆ, ಮೇಜಿನ ಖಾನೆಯಿಂದ ಮಾಸ್ಕ್ ತೆಗೆದು ನನ್ನ ಕೈಗಿಟ್ಟರು. ನಾನೂ ಮಾತಾಡದೆ ಹಾಕಿಕೊಂಡೆ. ನನಗೆ ಶೀತವಿರಲಿಲ್ಲ, ಗಂಟಲು ಕೆರೆತವಿರಲಿಲ್ಲ. ಎದೆಯಂತೂ ದೇವರ ದಯೆಯಿಂದ ಹೊಸ ತಮಟೆಯ ಹಾಗಿದೆ. ಆದರೆ ಅದನ್ನು ವಿವರಿಸಬೇಕಾದರೆ ತಾಳವಾಡಿ ಬೆಟ್ಟದ ಅಂಚಿನ ನಮ್ಮ ಊರಿನಿಂದ ಶುರುಮಾಡಬೇಕು, ಆನೆಯ ವಿಷಯಕ್ಕೆ ಬರಬೇಕು, ನಮ್ಮಪ್ಪನ ಖಾಲಿ ಚೀಲವನ್ನೂ ಎಳೆದು ತರಬೇಕು. ಅಷ್ಟು ಹೊತ್ತು ಗ್ರಂಥಾಲಯದ ಬಾಗಿಲಲ್ಲಿ ಯಾರು ಮಾತಾಡಗೊಡುತ್ತಾರೆ? ನೀವು ಹೇಗೂ ಕೂತಿದ್ದೀರಿ. ನಿಮಗೇ ಹೇಳಿಬಿಡುತ್ತೇನೆ.

ನಮ್ಮ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಒಂದೂವರೆ ಮೈಲಿಯ ಕಾಲುದಾರಿ. ಒಂದು ಮಗ್ಗುಲಿಗೆ ಹೊಲ, ಇನ್ನೊಂದು ಮಗ್ಗುಲಿಗೆ ಕಾಡು, ಎರಡಕ್ಕೂ ನಡುವೆ ಆಳೆತ್ತರದ ಲಂಟಾನ ಪೊದೆ. ದಾರಿ ನೇರವಾಗಿರುವ ಕಡೆ ಚಿಂತೆಯಿಲ್ಲ. ಎದುರಿಗೆ ಯಾರಿದ್ದಾರೆಂದು ಕಾಣುತ್ತದೆ. ಭಯವಿರುವುದು ತಿರುವಿನಲ್ಲಿ. ತಿರುವಿನ ಆಚೆ ಯಾರಿದ್ದಾರೆಂಬುದು ತಿರುಗಿದ ಮೇಲೆ ತಿಳಿದರೆ ಆ ತಿಳಿವಳಿಕೆಯನ್ನು ಉಪಯೋಗಿಸಿಕೊಳ್ಳಲು ನಾವು ಉಳಿದಿರುವುದು ಅನುಮಾನ. ಆದ್ದರಿಂದ ನಮ್ಮವರು ಒಂದು ಶಾಸ್ತ್ರ ಮಾಡಿಕೊಂಡಿದ್ದಾರೆ. ತಿರುವಿಗೆ ಮುಂಚೆ ನಿಲ್ಲಬೇಕು. ಗಾಳಿ ಮೂಸಬೇಕು. ಗಟ್ಟಿಯಾಗಿ ಒಂದೇ ಸಲ ಕೆಮ್ಮಬೇಕು. ಮೂರು ಉಸಿರು ಕಾಯಬೇಕು. ಆಮೇಲೆ ಕಾಲಿಡಬೇಕು. ಜೊತೆಯಲ್ಲಿ ಎಷ್ಟು ಜನವಿದ್ದರೂ ಮುಂದೆ ನಡೆಯುವವರು ಮಾತ್ರ ಕೆಮ್ಮತಕ್ಕದ್ದು. ಹಿಂದಿನವರು ಬಾಯಿ ಮುಚ್ಚಿಕೊಂಡು ಬರತಕ್ಕದ್ದು.

"ನಾವು ಓಯ್ತಾ ಇರೋದು ದೊಡ್ಡೋರ ಮನೆ ಬಾಗ್ಲಲ್ಲಿ ಕಣಮ್ಮಿ," ಎನ್ನುತ್ತಿದ್ದಳು ಅಜ್ಜಿ. "ಯೋಳ್ದೆ ಕೇಳ್ದೆ ನುಗ್ಗುದ್ರೆ ಯಾರ್ ಸುಮ್ಕಿದ್ದಾರು?" ದೊಡ್ಡೋರು ಎಂದರೆ ಆನೆ. ದಾರಿಯಲ್ಲಿ ಅದರ ಹೆಸರು ಹಿಡಿದು ಕರೆಯುವಷ್ಟು ಸಲಿಗೆ ನಮ್ಮಲ್ಲಿ ಯಾರಿಗೂ ಇಲ್ಲ.

ಶಾಸ್ತ್ರದ ಎರಡನೆಯ ಭಾಗ ಇನ್ನೂ ಮುಖ್ಯ. ಮನೆಗೆ ಹತ್ತಿರದ ಕೊನೆಯ ತಿರುವಿನಲ್ಲಿ ಬಂದವರು ಕೆಮ್ಮಿದರೆ ಮನೆಯ ಜಗಲಿಯಿಂದ ಮರುಕೆಮ್ಮು ಬರಬೇಕು. ಅದರ ಅರ್ಥ, ಇಲ್ಲಿ ಯಾರೂ ಇಲ್ಲ, ಬಾ. ಮರುಕೆಮ್ಮು ಬರದಿದ್ದರೆ ನಿಂತಲ್ಲೇ ನಿಲ್ಲಬೇಕು. ನಾನು ಐದನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಅಪ್ಪ ಕೆಮ್ಮಿದ, ಮರುಕೆಮ್ಮು ಬರಲಿಲ್ಲ. ಮೂರು ಉಸಿರು ಕಳೆದವು, ಬರಲಿಲ್ಲ. ಅಪ್ಪ ನನ್ನ ಕೈ ಹಿಡಿದ ಬಿಗಿಗೆ ಬೆರಳುಗಳು ಒಂದರ ಮೇಲೊಂದು ಹತ್ತಿದವು. ಅಳಬೇಕೆನಿಸಿತು, ಅಳಲಿಲ್ಲ, ಅತ್ತರೆ ಅದೂ ಒಂದು ಸದ್ದು ತಾನೆ? ಹಾಗೇ ಎಷ್ಟು ಹೊತ್ತು ನಿಂತೆವೋ! ಕೊನೆಗೆ ಪೊದೆಯಾಚೆ ಬೇಲಿ ಮುರಿದ ಸದ್ದಾಗಿ, ಅದು ದೂರವಾಗಿ, ಅಜ್ಜಿಯ ಕೆಮ್ಮು ಸಣ್ಣಗೆ ಕೇಳಿತು. ಹೋಗಿ ನೋಡಿದರೆ ಅಂಗಳದ ತುಂಬ ಹಲಸಿನ ಹಣ್ಣಿನ ಸಿಪ್ಪೆ. ಅಜ್ಜಿ ಒಳಗೆ ಒರಳುಕಲ್ಲಿನ ಹಿಂದೆ ಕೂತಿದ್ದಳು.

"ಬಾಯ್ಗೆ ಸೆರಗು ತುರುಕೊಂಡು ಕುಂತಿದ್ದೆ ಕಣ್ಲಾ," ಎಂದಳು ಅಪ್ಪನಿಗೆ. "ದೊಡ್ಡೋರು ಉಣ್ಣೋವಾಗ ನಾವ್ ಮಾತಾಡ್ಬಾರ್ದು."

ಇಂಥ ಮನೆತನದ ಕೂಸು ನಾನು. ಹೆದರಿಕೆ ನಮ್ಮಲ್ಲಿ ದೌರ್ಬಲ್ಯವಲ್ಲ, ಹಿರಿಯರಿಂದ ಬಂದ ವಿದ್ಯೆ. ಈ ವಿದ್ಯೆಯೊಂದನ್ನೇ ಬಂಡವಾಳ ಮಾಡಿಕೊಂಡು ದಿಂಬಂ ಘಾಟಿ ಇಳಿದು, ತಮಿಳು ಸೀಮೆಯ ಬಯಲಿನ ಒಂದು ಕಾಲೇಜಿಗೆ ಸಸ್ಯಶಾಸ್ತ್ರ ಓದಲು ಹೊರಟೆ.

ಅಪ್ಪನಿಗೆ ಇಷ್ಟವಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಅವನ ಓಡಾಟವೆಲ್ಲ ಚಾಮರಾಜನಗರದ ಕಡೆಗೆ. ದಿಂಬಂ ಇಳಿದು ಆಚೆ ಹೋದದ್ದು ಆಯುಸ್ಸಿನಲ್ಲಿ ಎರಡೇ ಸಲ, ಎರಡು ಸಲವೂ ಯಾರೋ ಸತ್ತಿದ್ದಕ್ಕೆ. ಕಾಲೇಜಿಗೆ ಸೇರಿಸಿದ ಓಡಾಟವೆಲ್ಲ ನಮ್ಮ ಹೈಸ್ಕೂಲಿನ ಮೇಷ್ಟ್ರದ್ದು. ಹೊರಡುವ ಹಿಂದಿನ ದಿನ ಅಪ್ಪ ಹುಣಸೆಮರದ ಕೆಳಗೆ ಕೂತು ತನ್ನ ತೀರ್ಪು ಕೊಟ್ಟ.

"ಒಂದ್ ಸೆಮಿಸ್ಟ್ರು ಓಗಿ ನೋಡು. ಕಾಲೇಜ್‌ನಿಂದ ನಿನ್ ಮ್ಯಾಲೆ ಒಂದ್ ಪೋನ್ ಬಂತು ಅನ್ನು, ಚೀಲ ತಕ್ಕಂಡ್ ಬತ್ತೀನಿ. ಸಾಮಾನ್ ತುಂಬ್ಕಂಡು ಇಬ್ರೂ ಬಂದ್ಬುಡಾದು."

"ಒಂದೇ ಪೋನ್‌ಗಾ?"

"ದೊಡ್ಡೋರು ಎಲ್ಡ್ ಸಲ ಯೋಳ್ತಾರಾ?"

ಫೋನಿನ ವಿಷಯದಲ್ಲಿ ನನಗಿದ್ದ ಒಂದೇ ಧೈರ್ಯವೆಂದರೆ ನಮ್ಮ ಮನೆಗೆ ಸಿಗ್ನಲ್ ಬರುವುದಿಲ್ಲ. ಬರುವುದು ಆ ಹುಣಸೆಮರದ ಕೆಳಗೆ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಕಾಲೇಜಿನಲ್ಲಿ ಇರುವಷ್ಟು ದಿನ ಅಪ್ಪ ಪಶ್ಚಿಮಕ್ಕೆ ಮುಖ ಮಾಡಿಕೊಂಡಿರಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತುಕೊಂಡೆ.

ದಿಂಬಂನಲ್ಲಿ ಬಸ್ಸು ನಿಂತಿತು. ಟೀ ಕುಡಿದವರೆಲ್ಲ ಹತ್ತಿ ಕೂತರು. ಆಮೇಲೆ ಇಳಿಜಾರು. ಇಪ್ಪತ್ತೇಳು ತಿರುವು! ಒಂದು ತಿರುವಿಗೆ ಹದವಾಗಿ ತಯಾರಾಗುವುದರೊಳಗೆ ಇನ್ನೊಂದು. ಕೆಳಗೆ ನೋಡಿದರೆ ನಾವು ಇನ್ನೂ ಇಳಿಯಬೇಕಾದ ರಸ್ತೆ ಹಾವಿನ ಪೊರೆಯಂತೆ ಬಿದ್ದಿತ್ತು. ನಾನು ನಿಯಮ ಬಿಡಲಿಲ್ಲ. ಮೊದಲ ಸೀಟಿನಲ್ಲಿ ಕೂತಿದ್ದವಳು ನಾನಾದ್ದರಿಂದ ಮುಂದೆ ನಡೆಯುವವಳೂ ನಾನೇ ಎಂದು ತೀರ್ಮಾನಿಸಿ ಪ್ರತಿ ತಿರುವಿಗೂ ಕೆಮ್ಮಿದೆ. ಹನ್ನೊಂದನೆಯದಕ್ಕೆ ಕಂಡಕ್ಟರು ಬಂದು "ವಾಂತಿಯಾಮ್ಮಾ?" ಎಂದು ಪ್ಲಾಸ್ಟಿಕ್ ಕವರು ಕೊಟ್ಟರು. ಉಳಿದ ಹದಿನಾರು ಕೆಮ್ಮನ್ನು ಆ ಕವರಿನೊಳಗೆ ಕೆಮ್ಮಿದೆ.

ಕಾಲೇಜು ಮೂರು ಮಹಡಿಯದು. ನಮ್ಮ ವಿಭಾಗ ಮೂರನೆಯದರಲ್ಲಿ. ನಮ್ಮ ಊರಿನಲ್ಲಿ ಮಹಡಿ ಮನೆ ಇಲ್ಲ, ಶಾಲೆಗೂ ಇರಲಿಲ್ಲ. ಮೆಟ್ಟಿಲು ಹತ್ತುವುದು ನನಗೆ ಹೊಸದಲ್ಲ, ಬೆಟ್ಟ ಹತ್ತಿದವಳು ನಾನು. ಹೊಸದೆನಿಸಿದ್ದು ಮೆಟ್ಟಿಲು ನಡುವೆ ತಿರುಗುತ್ತದೆ ಎಂಬುದು. ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ. ಗೋಡೆಯ ಆಚೆ ಏನಿದೆಯೋ ಕಾಣುವುದಿಲ್ಲ. ಮಹಡಿಗೆ ಎರಡರಂತೆ ಮೂರು ಮಹಡಿಗೆ ಆರು ತಿರುವು. ಕತ್ತಲು ಕತ್ತಲು, ಮೂಲೆಯಲ್ಲಿ ಫಿನಾಯಿಲ್ ವಾಸನೆ. ಮೊದಲನೆಯ ದಿನ ಮೊದಲ ತಿರುವಿಗೆ ನಾನು ನಿಂತೆ. ಮೂಸಿದೆ. ಕೆಮ್ಮಿದೆ. ಮೂರು ಉಸಿರು ಕಾಯುವಷ್ಟರಲ್ಲಿ ಹಿಂದಿನಿಂದ ಬರುತ್ತಿದ್ದ ನಲವತ್ತು ಹುಡುಗಿಯರು ಒಬ್ಬರ ಬೆನ್ನಿಗೊಬ್ಬರು ಬಡಿದುಕೊಂಡರು.

ಅವರಲ್ಲಿ ಒಬ್ಬಳು ಸೆಲ್ವಿ, ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಗೋಬಿ ಎಂಬ ಊರಿನ ಕಡೆಯ ಅರಿಸಿನದ ತೋಟದವರ ಮಗಳು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಅವರ ತಮಿಳಿನಲ್ಲಿ ಕೆಮ್ಮಿಗೆ ಇರುಮಲ್ ಎನ್ನುತ್ತಾರೆ. ಮೊದಲನೆಯ ವಾರ ಮುಗಿಯುವಷ್ಟರಲ್ಲಿ ಅವಳು ನನಗೆ ‘ಇರುಮಲ್ ರಾಣಿ’ ಎಂದು ಪಟ್ಟ ಕಟ್ಟಿದಳು. ರಾಜ್ಯವಿಲ್ಲದ ಪಟ್ಟ. ಪಾಠ ಇಂಗ್ಲಿಷಿನಲ್ಲಿ, ಅದರ ವಿವರಣೆ ತಮಿಳಿನಲ್ಲಿ. ನನ್ನದೋ ಕನ್ನಡ ಶಾಲೆಯ ಓದು, ಸಂತೆಯ ತಮಿಳು. ಕೋಸಿನ ರೇಟು ವಿಚಾರಿಸುವ ತಮಿಳಿನಲ್ಲಿ ಕೋಶಭಿತ್ತಿಯ ಬಗ್ಗೆ ಹೇಗೆ ವಿಚಾರಿಸುವುದು? ಬಾಯಿ ಮುಚ್ಚಿಕೊಂಡೆ.

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ನಗುವವರಲ್ಲ. ನಗುವವರು ಎಲ್ಲಿದ್ದಾರೆಂದು ತಿಳಿಯುತ್ತದೆ. ನನ್ನ ಕೆಮ್ಮಿಗೆ ಎಲ್ಲಿಂದಲೂ ಮರುಕೆಮ್ಮು ಬರುತ್ತಿರಲಿಲ್ಲ. ಅಷ್ಟು ದೊಡ್ಡ ಕಟ್ಟಡ, ಅಷ್ಟು ಜನ, ಒಬ್ಬರಾದರೂ ‘ಬಾ’ ಎನ್ನುವಂತೆ ಕೆಮ್ಮುವುದು ಬೇಡವೇ? ಮರುಕೆಮ್ಮಿಲ್ಲದ ಕಡೆ ಕಾಲಿಡಬಾರದೆಂದು ಕಲಿತವಳು ದಿನಕ್ಕೆ ಆರು ಸಲ ಕಾಲಿಟ್ಟೆ. ಪ್ರತಿ ಸಲವೂ ಬೆರಳುಗಳು ತಾವಾಗಿಯೇ ಒಂದರ ಮೇಲೊಂದು ಹತ್ತುತ್ತಿದ್ದವು, ಹಿಡಿಯುವ ಕೈ ಇಲ್ಲದಿದ್ದರೂ.

ಇನ್ನು ನಮ್ಮ ವಿಭಾಗದ ಮುಖ್ಯಸ್ಥೆ. ಎಲ್ಲರೂ ಎಚ್‌ಓಡಿ ಮೇಡಂ ಎನ್ನುತ್ತಿದ್ದರು, ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಈ ಒಂದು ವಿಷಯದಲ್ಲಿ ಬಯಲಿನವರೂ ನಮ್ಮ ಪದ್ಧತಿಯವರೇ. ಅವರ ಕೋಣೆ ಸರಿಯಾಗಿ ಆರನೆಯ ತಿರುವಿನ ಬಾಯಿಯಲ್ಲಿ. ಕಾಲಿಗೆ ರಬ್ಬರಿನ ಮೆತ್ತನೆಯ ಚಪ್ಪಲಿ. ಸದ್ದಿಲ್ಲ, ಸುಳಿವಿಲ್ಲ; ನೀವು ಪುಸ್ತಕದಿಂದ ತಲೆ ಎತ್ತುತ್ತೀರಿ, ಪಕ್ಕದಲ್ಲಿದ್ದಾರೆ. ನಮ್ಮ ದಾರಿಯಲ್ಲಿ ದೊಡ್ಡೋರು ಕೂಡ ಬರುವ ಮುಂಚೆ ಒಂದು ಕೊಂಬೆಯನ್ನಾದರೂ ಮುರಿದು ತಿಳಿಸುತ್ತಾರೆ. ಈ ಮೇಡಮ್ಮಿಗೆ ಆ ಮರ್ಯಾದೆಯನ್ನು ಯಾರೂ ಕಲಿಸಿರಲಿಲ್ಲ.

ಹೆದರಿಕೆಯ ನಡುವೆ ನಾನು ಪಾಠ ಕಲಿಯಲಿಲ್ಲವೆಂದಲ್ಲ. ಒಂದು ದಿನ ಅವರು ಕೈಯಲ್ಲಿ ಒಂದು ರೆಂಬೆ ಹಿಡಿದು ಬಂದರು. ನೋಡಿದರೆ ಲಂಟಾನ! ನಮ್ಮ ದಾರಿಯ ಪೊದೆ! ಇದು ಈ ನಾಡಿನದಲ್ಲ, ಯಾರೋ ಚಂದಕ್ಕೆಂದು ಸಮುದ್ರದಾಚೆಯಿಂದ ತಂದ ಗಿಡ, ಎಲ್ಲಿ ಹಾಕಿದರೂ ಬೇರು ಬಿಡುತ್ತದೆ ಎಂದರು. ನನಗೆ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಯಾವುದರ ಹಿಂದೆ ಏನಿದೆಯೋ ಎಂದು ಹೆದರಿದ್ದೆನೋ ಆ ಪೊದೆಯೇ ಹೊರಗಿನದು. ಅದಕ್ಕೂ ಇಲ್ಲಿ ಮೊದಲ ವರ್ಷ ಕಷ್ಟವಾಗಿತ್ತೇನೋ. ಕೈ ಎತ್ತಿ ಕೇಳಬೇಕೆನಿಸಿತು. ಎತ್ತಲಿಲ್ಲ. ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ, ಅಷ್ಟೆ.

ದೀಪಾವಳಿಗೆ ಊರಿಗೆ ಹೋಗಿಬಂದ ಮೇಲೆ ಇಂಟರ್ನಲ್ ಪರೀಕ್ಷೆ. ಗುಮಟಾಪುರದ ಬೀರೇಶ್ವರನ ಗುಡಿಯ ಹತ್ತಿರ ನಡೆಯುವ ಸಗಣಿ ಎರಚಾಟದ ಹಬ್ಬದಲ್ಲಿ ರಾಶಿಗಿಳಿದು, ಎದೆಗೆ ಮುಖಕ್ಕೆ ಉಂಡೆ ಹೊಡೆಸಿಕೊಂಡು ಅಪ್ಪ ಗಹಗಹಿಸಿ ನಗುವುದನ್ನು ನೋಡಿಕೊಂಡು ಬಂದಿದ್ದೆ. ಅಪ್ಪನ ಧೈರ್ಯದಲ್ಲಿ ಕಾಲು ಭಾಗವಾದರೂ ನನಗೆ ಬಂದಿರಬೇಕೆಂದು ಲೆಕ್ಕ ಹಾಕಿಕೊಂಡು ಪರೀಕ್ಷೆಗೆ ಕೂತೆ.

ಇಪ್ಪತ್ತೈದು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ನೀವೇ ಹೇಳಿ, ಇದಕ್ಕಿಂತ ಕುರುಡು ತಿರುವು ಉಂಟೇ? ಒಂದೊಂದು ಪ್ರಶ್ನೆಯ ಮುಂದೆಯೂ ನಿಂತೆ. ಪೆನ್ನು ಊರುವ ಮುಂಚೆ ಒಂದು ಸಲ ಕೆಮ್ಮಿದೆ. ಮೂರು ಉಸಿರು ಕಾದೆ. ಗುರುತು ಹಾಕಿದೆ. ಗೊತ್ತಿದ್ದು ಮಾಡಿದ್ದಲ್ಲ, ಗೊತ್ತಿದ್ದರೆ ಮಾಡುತ್ತಿದ್ದೆನೇ? ಏಳನೆಯ ಪ್ರಶ್ನೆಗೋ ಎಂಟನೆಯದಕ್ಕೋ ತಲೆ ಎತ್ತಿದೆ. ಪಕ್ಕದಲ್ಲಿ ಎಚ್‌ಓಡಿ ಮೇಡಂ.

ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ಕೂತಿದ್ದ ಸೆಲ್ವಿಯನ್ನು ನೋಡುತ್ತಿದ್ದರು. ನಾನು ಕೆಮ್ಮುವುದು, ಅವಳು ಸರಕ್ಕನೆ ಗುರುತು ಹಾಕುವುದು. ನಾನು ಸ್ನೇಹಕ್ಕೆ ಕಟ್ಟುಬಿದ್ದು ಉತ್ತರ ಕಳಿಸುತ್ತಿದ್ದೇನೆಂದು ಆ ಪುಣ್ಯಾತ್ಮಳು ನಂಬಿಬಿಟ್ಟಿದ್ದಳು. ಒಂದು ಕೆಮ್ಮಿಗೆ ‘ಎ’, ಎರಡು ಕೆಮ್ಮಿಗೆ ‘ಬಿ’. ನಾನು ಎರಡು ಸಲ ಕೆಮ್ಮುವ ವಂಶದವಳಲ್ಲವೆಂದು ಅವಳಿಗೆ ಹೇಗೆ ತಿಳಿಯಬೇಕು?

ಇಬ್ಬರ ಹಾಳೆಯನ್ನೂ ಕಿತ್ತುಕೊಂಡು ಕೋಣೆಗೆ ಕರೆದರು. ಅವರ ಮಾತನ್ನೆಲ್ಲ ಕನ್ನಡದಲ್ಲೇ ಕೊಡುತ್ತಿದ್ದೇನೆ. ತಮಿಳಿನಲ್ಲಿ ಇನ್ನೂ ಗಟ್ಟಿಯಾಗಿತ್ತು.

"ಯಾಕೆ ಕೆಮ್ಮಿದೆ?"

"ಆನೆಗೆ ಮೇಡಂ."

"ಪರೀಕ್ಷೆ ಹಾಲಿಗೆ ಆನೆ ಬರುತ್ತದೆಯಾ?"

ಸತ್ಯವನ್ನು ಹೇಳಿದ ಮೇಲೆ ಅದಕ್ಕಿಂತ ಒಳ್ಳೆಯ ಸುಳ್ಳು ಹೊಳೆಯುವುದಿಲ್ಲ. ಬಾಯಿ ತೆರೆದೆ, ಕೆಮ್ಮು ಬಂತು. ಅವರು ಫೋನು ಎತ್ತಿಕೊಂಡು ನನ್ನ ಅಪ್ಪನ ನಂಬರು ಒತ್ತಿದರು.

ಮೊದಲನೆಯ ದಿನ ಸಿಗಲಿಲ್ಲ. ಎರಡನೆಯ ದಿನವೂ ಇಲ್ಲ. ಹುಣಸೆಮರದ ಕೆಳಗೆ ಅಪ್ಪ ಬರುತ್ತಾನೆ, ಬೀಡಿ ಹಚ್ಚುತ್ತಾನೆ, ಪೂರ್ವಕ್ಕೆ ತಿರುಗುತ್ತಾನೆ. ಕಣ್ಣು ಮುಚ್ಚಿದರೆ ಇದೇ. ಇಲ್ಲಿರಲು ಹೆದರುತ್ತಿದ್ದವಳಿಗೆ ಈಗ ಊರಿಗೆ ಹೋಗಬೇಕಾದೀತೆಂಬ ಹೆದರಿಕೆ. ಲಂಟಾನದ ಮುಂದಿನ ಪಾಠ ಏನೆಂದು ತಿಳಿಯದೆ ಹೊರಟುಹೋಗುವುದೇ? ಮೂರನೆಯ ದಿನ ಅಪ್ಪ ಪೂರ್ವಕ್ಕೆ ತಿರುಗಿದ.

ಮಾರನೆಯ ಬೆಳಿಗ್ಗೆ ಹತ್ತೂವರೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ತೊಳೆದು ಮಡಿಸಿದ ಗೊಬ್ಬರದ ಚೀಲ. ನನ್ನನ್ನು ಬೈಯಲಿಲ್ಲ. ಅದೇ ಭಯ.

"ಸಾಮಾನ್ ಕಟ್ಟಿದ್ದಿಯಾ?"

"ಇಲ್ಲ ಅಪ್ಪ. ಮೊದ್ಲು ಮೇಡಂನ ನೋಡ್ಬೇಕು."

"ನೋಡ್ಬುಟ್ಟು ಕಟ್ಟಾದು. ಎಲ್ಲವ್ರೆ?"

"ಮೂರ್ನೆ ಮಹಡಿ."

ಅಪ್ಪ ಕತ್ತೆತ್ತಿ ಕಟ್ಟಡವನ್ನು ನೋಡಿದ. "ಅಷ್ಟ್ ಮ್ಯಾಲ್ಕಾ?" ಎಂದ.

ಮುಂದೆ ಅವನು, ಹಿಂದೆ ನಾನು. ಹುಟ್ಟಿದಾಗಿನಿಂದ ಹಾಗೆಯೇ ನಡೆದದ್ದು. ಹತ್ತು ಮೆಟ್ಟಿಲು ಹತ್ತಿದ. ಗೋಡೆ ಬಂತು. ನಿಂತ. ಮೂಸಿದ. ಫಿನಾಯಿಲ್ ವಾಸನೆ ಅವನಿಗೆ ಯಾವ ಪ್ರಾಣಿಯದೆಂದು ಬಗೆಹರಿಯಲಿಲ್ಲ. ಕೆಮ್ಮಿದ.

ಅಪ್ಪನ ಕೆಮ್ಮು ಎಂದರೆ ನಮ್ಮ ಹೊಲದಲ್ಲಿ ಕೆಮ್ಮಿದರೆ ಆಚೆ ದಿಣ್ಣೆಯ ನಾಯಿ ಬೊಗಳುವಂಥದ್ದು. ಅವತ್ತು ಬಂದದ್ದು ಕೋಳಿಮರಿಯ ಕೆಮ್ಮು. ಗೋಡೆ ಹಿಡಿದ ಅವನ ಕೈ ನೋಡಿದೆ, ಬೆರಳು ಬೆಳ್ಳಗಾಗಿದ್ದವು. ಸಗಣಿಯ ಉಂಡೆಗೆ ಎದೆಯೊಡ್ಡಿ ನಕ್ಕವನ ಕೈ. ಅಪ್ಪ ಹೆದರಿದರೆ ಇನ್ನು ಹಿಂದೆ ನಡೆಯುವುದಕ್ಕೆ ಯಾರ ಬೆನ್ನಿದೆ?

"ಅಪ್ಪ, ಈ ದಾರಿ ನಿಂಗ್ ಗೊತ್ತಿಲ್ಲ," ಎಂದೆ. "ನಾನ್ ಮುಂದ್ಕೋಯ್ತೀನಿ."

ಅವನು ಪಕ್ಕಕ್ಕೆ ಸರಿದ. ನಾನು ದಾಟಿ ಮುಂದೆ ಹೋದೆ. ಎರಡನೆಯ ತಿರುವಿಗೆ ನಿಂತು ಕೆಮ್ಮಿದೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಐದನೆಯದಕ್ಕೆ. ಕೆಮ್ಮು ಊರಿನಲ್ಲಿ ಅಪ್ಪನದು ಬರುವ ಹಾಗೆ ಗಟ್ಟಿಯಾಗಿ ಬಂತು. ಅಪ್ಪ ಬಾಯಿ ಮುಚ್ಚಿಕೊಂಡು, ಚೀಲ ಅವುಚಿಕೊಂಡು, ನನ್ನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂದ. ಆರನೆಯ ತಿರುವಿನಲ್ಲಿ ಕೆಮ್ಮಿ, ಮೂರು ಉಸಿರು ಕಾದು, ತಿರುಗಿದರೆ ಮೇಲೆ ಎಚ್‌ಓಡಿ ಮೇಡಂ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ!

ಅಪ್ಪನಿಗೂ ಸಂತೆಯ ತಮಿಳು ಚೆನ್ನಾಗಿ ಬರುತ್ತದೆ. ಆ ದಿನ ಅದು ಮೂರನೆಯ ಮಹಡಿಯವರೆಗೆ ಹತ್ತಿ ಬಂದಿರಲಿಲ್ಲ. ಅವನು ಕನ್ನಡದಲ್ಲಿ ಹೇಳಿದ, ನಾನು ತಮಿಳು ಮಾಡಿದೆ. ಆ ಕೋಣೆಯಲ್ಲಿ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ನಾವ್ ಕಲ್ಸಿರೋದು ತಾಯಿ. ಮುಂದ್ಲು ಏನದೆ ಅಂತ ಕಾಣ್ದಿದ್ರೆ ಕೆಮ್ಬುಟ್ಟೇ ಕಾಲಿಡಾದು. ಕೂಸು ಕಳ್ಳತನ ಮಾಡಿಲ್ಲ. ಎದ್ರುಕಂಡದೆ."

ಮೇಡಂ ಸೆಲ್ವಿಯ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಗುರುತು ಹಾಕಿದ ಕಡೆಯೆಲ್ಲ ‘ಎ’. ಪಕ್ಕದಲ್ಲಿ ನನ್ನದು. ಒಂದಕ್ಕೊಂದು ಸಂಬಂಧವೇ ಇಲ್ಲ.

"ಇಷ್ಟು ಕೆಟ್ಟ ಸಂಕೇತವನ್ನು ಯಾರೂ ಕಳಿಸುವುದಿಲ್ಲ ಎಂದು ನಿನ್ನೆ ಹಾಳೆ ತಿದ್ದುವಾಗಲೇ ಅನ್ನಿಸಿತ್ತು," ಎಂದರು. "ಇವತ್ತು ನೋಡಿದೆ. ಇಬ್ಬರಿಗೂ ಮತ್ತೆ ಪರೀಕ್ಷೆ ಕೊಡುತ್ತೇನೆ, ಬೇರೆ ಬೇರೆ ಕೋಣೆಯಲ್ಲಿ. ನೀನು ಎಷ್ಟು ಬೇಕಾದರೂ ಕೆಮ್ಮು." ಆಮೇಲೆ ಅಪ್ಪನ ಕಂಕುಳ ಕಡೆ ನೋಡಿ, "ಆ ಚೀಲ ಏನಕ್ಕೆ?"

ಅದನ್ನು ನಾನು ಕನ್ನಡ ಮಾಡಲಿಲ್ಲ. ಅಪ್ಪ ಚೀಲವನ್ನು ಇನ್ನಷ್ಟು ಅವುಚಿಕೊಂಡ. ಕೈ ಮುಗಿದು ಹೊರಗೆ ಬಂದ.

ಇಳಿಯುವಾಗಲೂ ನಾನೇ ಮುಂದೆ. ಮೇಡಂ ಕ್ಷಮಿಸಿದ್ದು ಮೇಡಂ ವಿಷಯ; ಒಂದು ಫೋನು ಎಂದಿದ್ದವನು ಅಪ್ಪ, ಫೋನು ಬಂದದ್ದೂ ನಿಜ. ಅವನ ಕಂಕುಳಲ್ಲಿ ಚೀಲ ಮೆಟ್ಟಿಲಿಗೊಮ್ಮೆ ಸರಸರ ಎನ್ನುತ್ತಿತ್ತು. ಆ ಸದ್ದು ಕೇಳುತ್ತ ಇಳಿದೆ. ಕೆಳಗೆ ಬಂದ ಮೇಲೆ ಅಪ್ಪ ನಿಂತ.

"ಆರ್ ತಿರುವು," ಎಂದ. "ಇಳಿಯೋವಾಗ ನೀನ್ ಐದೇ ಸಲ ಕೆಮ್ದೆ."

ಇಷ್ಟೆಲ್ಲ ದಾಟಿ ಬಂದು ಕೊನೆಗೆ ಇದರಲ್ಲಿ ಸಿಕ್ಕಿಬಿದ್ದೆನೇ? ಮನೆಯ ದಾರಿಯಲ್ಲಿ ಒಂದು ತಿರುವು ಮರೆತವರನ್ನು ಅಪ್ಪ ತಿಂಗಳುಗಟ್ಟಲೆ ಮುಂದಕ್ಕೆ ಬಿಡುವುದಿಲ್ಲ.

"ಮರ್ತೋಯ್ತು ಅಪ್ಪ."

"ಯಾವ್ದು ಮರ್ತೆ?"

ಯೋಚಿಸಿದೆ. "ಮೊದಲ್ನೇದು. ಮೇಡಂ ರೂಮ್ ಹತ್ರದ್ದು."

ಅಪ್ಪ ಕತ್ತೆತ್ತಿ ಮೂರನೆಯ ಮಹಡಿಯ ಕಡೆ ನೋಡಿದ.

"ಎದ್ರಿಕೆ ಓಯ್ತಾ?"

ಹೋಯಿತು ಎಂದರೆ ಮೆಚ್ಚುತ್ತಾನೇನೋ ಎನಿಸಿತು. ಆದರೆ ಅವನಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಇಲ್ಲ ಅಪ್ಪ. ಮಿಕ್ಕಿದ್ ಐದ್ರಲ್ಲೂ ಅಂಗೇ ಅದೆ."

"ಅಂಗಾರೆ ಇರು," ಎಂದ. "ಪೂರಾ ಓಗ್ಬುಟ್ಟಿದ್ರೆ ಕರ್ಕಂಡೋಯ್ತಿದ್ದೆ. ಎದ್ರಿಕೆ ಇಲ್ದೋರ್ನ ಒಂಟಿಯಾಗ್ ಬುಡಾಕಾಯ್ತದಾ?" ಕಂಕುಳಿಂದ ಚೀಲ ತೆಗೆದು ನನ್ನ ಕೈಗೆ ಕೊಟ್ಟ. "ತಕ್ಕ. ಕಾಲೊರ್ಸಾಕಾಯ್ತದೆ."

ಆ ಚೀಲ ಈಗಲೂ, ನಾನು ಕೊನೆಯ ವರ್ಷಕ್ಕೆ ಬಂದರೂ, ನನ್ನ ಕೋಣೆಯ ಬಾಗಿಲಲ್ಲಿ ಬಿದ್ದಿದೆ. ಸೆಲ್ವಿ ದಿನಾ ಕಾಲೊರೆಸುತ್ತಾಳೆ. ಅದು ಯಾವ ಗಂಡಾಂತರದಿಂದ ಪಾರಾದ ಚೀಲವೆಂದು ಅವಳಿಗೆ ಗೌರವವೇ ಇಲ್ಲ. ಮರುಪರೀಕ್ಷೆಯಲ್ಲಿ ನಾನು ಪಾಸಾದೆ. ಅವಳೂ ಆದಳು, ಹೇಗೆಂದು ನಾನು ಕೇಳಿಲ್ಲ. ಆ ಸೆಮಿಸ್ಟರಿನಲ್ಲಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ಆರರಲ್ಲಿ ಒಂದು ಎನ್ನುತ್ತೇನೆ. ಮಿಕ್ಕವು ಇನ್ನೂ ನಡೆಯುತ್ತಿವೆ. ಗ್ರಂಥಾಲಯದವರನ್ನು ಕೇಳಿ ಬೇಕಾದರೆ.

ಅವತ್ತು ಅಪ್ಪ ಗೇಟು ದಾಟಿ ಹೊರಟ, ನಾನು ಗೇಟಿನಲ್ಲೇ ನಿಂತೆ. ಚೀಲವಿಲ್ಲದೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವನ ಹಾಗೆ ನಡೆದ. ಗೇಟಿನ ಆಚೆ ಕಾಂಪೌಂಡ್ ಗೋಡೆ ಬಸ್‌ ಸ್ಟ್ಯಾಂಡಿನ ಕಡೆಗೆ ತಿರುಗುತ್ತದೆ. ಅಪ್ಪ ಆ ಮೂಲೆಗೆ ಬಂದವನು ನಿಂತ. ಲಾರಿ, ಬಸ್ಸು, ಆಟೋಗಳ ಗದ್ದಲ, ಯಾರು ಕೇಳಿಸಿಕೊಳ್ಳಬೇಕು? ಆದರೂ ಕೆಮ್ಮಿದ. ಕಾಲಿಡಲಿಲ್ಲ. ಮೂರು ಉಸಿರು ಕಳೆದವು, ನಾಲ್ಕು, ಐದು. ಅಲ್ಲೇ ನಿಂತಿದ್ದ. ಆಗ ನನಗೆ ಹೊಳೆಯಿತು, ಈ ಊರಿನಲ್ಲಿ ಅವನಿಗೆ ಜಗಲಿ ಎಂದರೆ ನಾನು ನಿಂತ ಜಾಗ.

ಎದೆ ತುಂಬ ಗಾಳಿ ತೆಗೆದುಕೊಂಡು ಒಂದು ಸಲ ಕೆಮ್ಮಿದೆ.

ಅಪ್ಪ ತಿರುವು ದಾಟಿದ.